ಬಾಗಿಲು ತೆಗೆಯಬೇಕಾದವರು ನಾವೇ

ಅಣ್ಣನ ಮಗ ರಜೆಗೆ ಹುಬ್ಬಳ್ಳಿಗೆ ಬಂದಾಗೆಲ್ಲ ಮೊಬೈಲಿನಲ್ಲಿ ಒಂದಲ್ಲ ಒಂದು ಹೆದರಿಕೆಯ ಆಟ ಹಾಕಿ, "ಕಾಕಾ, ಇದೊಂದ್ ಆಡಿ ನೋಡು" ಅಂತ ನನ್ನ ಕೈಗೆ ಕೊಡುತ್ತಾನೆ. ಕತ್ತಲೆ ಮನೆ. ಉದ್ದನೆಯ ಪಡಸಾಲೆ. ಆಮೇಲೆ ಧಡ್ ಅಂತ ಸ್ಕ್ರೀನ್ ತುಂಬ ಒಂದು ಮುಖ. ನಾನು ಬೆಚ್ಚಿ ಬೀಳುತ್ತೇನೆ, ಅವನಿಗೆ ಖುಷಿಯೋ ಖುಷಿ. ಸ್ವಲ್ಪ ಹೊತ್ತಿಗೆ ಇಬ್ಬರೂ ಗಿರ್ಮಿಟ್ ತಿನ್ನುತ್ತ ಬೇರೆ ಏನೋ ಮಾತಾಡುತ್ತಿರುತ್ತೇವೆ. ಆ ಮುಖ ಹೇಗಿತ್ತು ಅಂತ ಸಂಜೆ ಕೇಳಿದರೆ ನನಗೂ ನೆನಪಿರುವುದಿಲ್ಲ, ಅವನಿಗೂ ಇರುವುದಿಲ್ಲ. ಆದರೆ ಕಾಲೇಜಿನ ದಿನಗಳಲ್ಲಿ ಆಡಿದ ಒಂದು ಆಟದ ಖಾಲಿ ಕಾರಿಡಾರ್ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅಲ್ಲಿ ದೆವ್ವ ಬರುವುದಿಲ್ಲ, ಯಾರೂ ಮೈಮೇಲೆ ಬೀಳುವುದಿಲ್ಲ. ಒಬ್ಬ ಹೆಂಗಸಿನ ದನಿ ಕೇಳಿಸುತ್ತದೆ, ಅಷ್ಟೇ. ಒಂದು ಹೆದರಿಕೆ ಗಿರ್ಮಿಟ್ ತಿನ್ನುವಷ್ಟರಲ್ಲಿ ಮಾಯವಾಗುತ್ತದೆ, ಇನ್ನೊಂದು ವರ್ಷಗಟ್ಟಲೆ ಜೊತೆಗಿರುತ್ತದೆ. ಯಾಕೆ ಹೀಗೆ ಅನ್ನೋದನ್ನು ಬಹಳ ದಿನಗಳಿಂದ ಬರೆಯಬೇಕು ಅಂದುಕೊಂಡಿದ್ದೆ.

ಮೈ ಬೆಚ್ಚುವುದು

ದೊಡ್ಡ ಸದ್ದಿಗೆ ಬೆಚ್ಚುವುದು ನಮ್ಮ ಕೈಯಲ್ಲಿಲ್ಲ. ಹಸುಗೂಸು ಕೂಡ ಬೆಚ್ಚುತ್ತದೆ. ಏನಾಯಿತು ಅಂತ ಮನಸ್ಸಿಗೆ ತಿಳಿಯುವ ಮೊದಲೇ ಕಣ್ಣು ಮುಚ್ಚಿ, ಹೆಗಲು ಮೇಲೆ ಹೋಗಿರುತ್ತದೆ. ಮೆದುಳಿನ ಕಾಂಡದಿಂದ ನೇರವಾಗಿ ಬರುವ ಪ್ರತಿಕ್ರಿಯೆ ಅದು. ಕಣ್ಣೆವೆ ಮುಚ್ಚಲು ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಕಾಗುವುದಿಲ್ಲ. ಅದೇ ಸದ್ದನ್ನು ಮತ್ತೆ ಮತ್ತೆ ಕೇಳಿಸಿದರೆ ಮೈ ಒಗ್ಗಿಕೊಳ್ಳುತ್ತದೆ. ಆದ್ದರಿಂದ ಬರೀ ಬೆಚ್ಚಿಸುವುದನ್ನೇ ನಂಬಿದ ಆಟ ಪ್ರತಿ ಸಲವೂ ಸದ್ದು ಜಾಸ್ತಿ ಮಾಡಬೇಕಾಗುತ್ತದೆ, ಮುಖವನ್ನು ಇನ್ನಷ್ಟು ವಿಕಾರ ಮಾಡಬೇಕಾಗುತ್ತದೆ. ಇನ್ನೊಂದು ಮಾತು. ಮೊದಲೇ ಆತಂಕದಲ್ಲಿ ಇರುವವರು, ಕತ್ತಲಲ್ಲಿ ಇರುವವರು ಅದೇ ಸದ್ದಿಗೆ ಹೆಚ್ಚು ಬೆಚ್ಚುತ್ತಾರೆ. ಅಂದರೆ ಬೆಚ್ಚಿಸುವ ಕ್ಷಣದ ಬಲವೆಲ್ಲ ಅದರ ಹಿಂದಿನ ನಿಮಿಷಗಳಲ್ಲಿ ಇರುತ್ತದೆ, ಅಲ್ವಾ?

ಒಳ್ಳೆಯ ಆಟ ಮಾಡುವವರಿಗೆ ಇದು ಗೊತ್ತಿದೆ. 1996ರ ರೆಸಿಡೆಂಟ್ ಈವಿಲ್‌ನಲ್ಲಿ ಕಿಟಕಿ ಗಾಜು ಒಡೆದು ನಾಯಿ ಒಳಗೆ ಹಾರುವ ಜಾಗವನ್ನು ಯಾರೂ ಮರೆತಿಲ್ಲ. ಆ ಕಾರಿಡಾರಿನಲ್ಲಿ ಅಲ್ಲಿಯವರೆಗೆ ಏನೂ ಆಗಿರುವುದಿಲ್ಲ, ಅದಕ್ಕೇ ಅದು ತಾಗುತ್ತದೆ. ಎರಡನೇ ಸಲ ಆಡುವಾಗ ಮೊದಲೇ ಹಲ್ಲು ಕಚ್ಚಿಕೊಂಡು ದಾಟುತ್ತೇವೆ. 2014ರ ಫೈವ್ ನೈಟ್ಸ್ ಆಟ್ ಫ್ರೆಡ್ಡೀಸ್ ಬಂದಾಗ ಎಲ್ಲರೂ ಅದರ ಕಿರುಚಾಟದ ಬಗ್ಗೆಯೇ ಮಾತಾಡಿದರು. ನನ್ನ ಪ್ರಕಾರ ಆ ಆಟದ ಜೀವ ಬೇರೆ ಕಡೆ ಇದೆ. ನೀವು ರಾತ್ರಿ ಪಾಳಿಯ ಕಾವಲುಗಾರ, ಯಂತ್ರದ ಗೊಂಬೆಗಳು ನಿಮ್ಮನ್ನು ಹುಡುಕಿಕೊಂಡು ಬರುತ್ತಿರುತ್ತವೆ. ಬಾಗಿಲು ಮುಚ್ಚಿಟ್ಟರೆ ಕರೆಂಟ್ ಖರ್ಚಾಗುತ್ತದೆ, ಲೈಟ್ ಹಾಕಿದರೆ ಖರ್ಚಾಗುತ್ತದೆ, ಕ್ಯಾಮೆರಾ ನೋಡಿದರೂ ಖರ್ಚಾಗುತ್ತದೆ. ಬೆಳಗಿನ ಆರು ಗಂಟೆಯವರೆಗೆ ಉಳಿಸಿಕೊಳ್ಳಬೇಕು. ಆ ಶೇಕಡಾ ಲೆಕ್ಕ ಇಳಿಯುವುದನ್ನು ನೋಡುತ್ತ ಕೂರುವುದೇ ಹೆದರಿಕೆ. ಕೊನೆಗೆ ಬರುವ ಗೊಂಬೆಯಿಂದ ಒಂದು ರೀತಿಯಲ್ಲಿ ಬಿಡುಗಡೆಯೇ ಸಿಗುತ್ತದೆ. ಬಂತು, ಹೋಯಿತು, ಮುಗಿಯಿತು.

ಬಿಡುಗಡೆ ಕೊಡದ ಆಟಗಳೇ ನನಗೆ ಇಷ್ಟ.

ಚಿಲಕದ ಮೇಲಿನ ಕೈ

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಂಬತ್ತರ ದಶಕದಲ್ಲಿ ಬೆಳೆದವರಿಗೆ "ನಾಳೆ ಬಾ" ಗೊತ್ತಿದೆ. ನಮ್ಮ ಓಣಿಯಲ್ಲೂ ಬಾಗಿಲಿನ ಮೇಲೆ ಇದ್ದಿಲಿನಿಂದ ಬರೆದಿದ್ದರು. ಆ ಕತೆಯಲ್ಲಿ ದೆವ್ವದ ಮುಖವೇ ಇಲ್ಲ. ಕೋರೆಹಲ್ಲಿಲ್ಲ, ತಿರುಗಿದ ಕಾಲಿಲ್ಲ. ರಾತ್ರಿ ಬಂದು ಬಾಗಿಲು ಬಡಿಯುತ್ತದೆ, ನಮ್ಮವರ ದನಿಯಲ್ಲಿ ಕರೆಯುತ್ತದೆ, ತೆಗೆದರೆ ಸತ್ತೆವು. ಅಷ್ಟೇ. ಅಪ್ಪನಿಗೆ ಆಗ ಎರಡನೇ ಪಾಳಿ. ಒಂದು ರಾತ್ರಿ ಹೊತ್ತು ಮೀರಿ ಬಂದು ಬಾಗಿಲು ಬಡಿದು, ಅವ್ವನ ಹೆಸರು ಹಿಡಿದು ಕರೆದರು. ಅವ್ವ ಎದ್ದು ಹೋಗಿ ಚಿಲಕದ ಮೇಲೆ ಕೈ ಇಟ್ಟಳು. ತೆಗೆಯಲಿಲ್ಲ. ನಾವು ಮಕ್ಕಳು ಹಾಸಿಗೆಯಲ್ಲಿ ಉಸಿರು ಬಿಗಿಹಿಡಿದು ಅವಳ ಕೈಯನ್ನೇ ನೋಡುತ್ತಿದ್ದೆವು. ಅಪ್ಪ ಇನ್ನೊಮ್ಮೆ ಕರೆದರು. ಆಗಲೂ ತೆಗೆಯಲಿಲ್ಲ. ಆಮೇಲೆ ಹೊರಗೆ ಅಪ್ಪನ ಬೀಡಿ ಕೆಮ್ಮು ಕೇಳಿಸಿತು. ಅವ್ವ ಚಿಲಕ ತೆಗೆದಳು. ದನಿಯನ್ನು ನಂಬದವಳು ಕೆಮ್ಮನ್ನು ನಂಬಿದಳು.

ಆ ಹೊತ್ತಿನಲ್ಲಿ ಮನೆಗೆ ಏನೂ ಬಂದಿರಲಿಲ್ಲ. ಹೊರಗೆ ಇದ್ದದ್ದು ಅಪ್ಪ. ಆದರೂ ಅಷ್ಟು ಹೆದರಿಕೆ ನನಗೆ ಮತ್ತೆ ಆಗಿದ್ದು ಕಡಿಮೆ. ಬಾಗಿಲು ತೆಗೆಯುವುದೋ ಬಿಡುವುದೋ ನಾವೇ ತೀರ್ಮಾನಿಸಬೇಕಿತ್ತು, ತಪ್ಪಾದರೆ ಅದು ನಮ್ಮ ಕೈಯಿಂದಲೇ ಆದ ತಪ್ಪು. ಹೆದರಿಕೆ ಪೂರ್ತಿ ಇದ್ದದ್ದು ಅಲ್ಲಿ.

ವಿಡಿಯೋ ಗೇಮಿಗೂ ಸಿನಿಮಾಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ ಅಂತ ನನಗೆ ಅನಿಸುತ್ತದೆ. ಸಿನಿಮಾದಲ್ಲಿ ಕಣ್ಣು ಮುಚ್ಚಿಕೊಂಡರೂ ಕತೆ ಮುಂದೆ ಹೋಗುತ್ತದೆ. ಆಟದಲ್ಲಿ ನಾನು ಬಟನ್ ಒತ್ತದೆ ಯಾವ ಬಾಗಿಲೂ ತೆರೆಯುವುದಿಲ್ಲ. 2014ರಲ್ಲಿ ಆಟ ಮಾಡುವ ಹಿಡಿಯೋ ಕೊಜಿಮಾ ಮತ್ತು ಸಿನಿಮಾ ನಿರ್ದೇಶಕ ಗಿಲೆರ್ಮೊ ಡೆಲ್ ಟೋರೊ ಸೇರಿ ಪಿ.ಟಿ. ಅಂತ ಒಂದು ಪುಟ್ಟ ಆಟ ಬಿಟ್ಟಿದ್ದರು. ಒಂದು ಮನೆಯ ಎಲ್ ಆಕಾರದ ಕಾರಿಡಾರ್. ಕೊನೆಯ ಬಾಗಿಲು ತೆಗೆದರೆ ಅದೇ ಕಾರಿಡಾರಿನ ಆರಂಭಕ್ಕೆ ಬರುತ್ತೀರಿ. ಪ್ರತಿ ಸುತ್ತಿಗೂ ಏನೋ ಒಂದು ಚೂರು ಬದಲಾಗಿರುತ್ತದೆ. ಮುಂದಿನ ವರ್ಷವೇ ಅದನ್ನು ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿದರು, ಆದರೂ ಜನ ಇವತ್ತಿಗೂ ಅದರ ಮಾತಾಡುತ್ತಾರೆ. ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ 2010ರಲ್ಲಿ ಮಾಡಿದ ಅಮ್ನೀಶಿಯಾದಲ್ಲಿ ನೀರು ತುಂಬಿದ ನೆಲಮಾಳಿಗೆ ಬರುತ್ತದೆ. ಅಲ್ಲಿರುವ ಪ್ರಾಣಿ ಕಣ್ಣಿಗೇ ಕಾಣುವುದಿಲ್ಲ. ನೀರಿನಲ್ಲಿ ಅದರ ಹೆಜ್ಜೆಗೆ ಚಿಮ್ಮುವ ಹನಿ ಮಾತ್ರ ಕಾಣುತ್ತದೆ. ನಿಮ್ಮ ಕೈಯಲ್ಲಿ ಕತ್ತಿಯಿಲ್ಲ, ಬಂದೂಕಿಲ್ಲ. ಪೆಟ್ಟಿಗೆಯ ಮೇಲೆ ನಿಂತು, ಮುಂದಿನ ಪೆಟ್ಟಿಗೆಗೆ ಯಾವಾಗ ಜಿಗಿಯಬೇಕು ಅಂತ ನೀವೇ ಲೆಕ್ಕ ಹಾಕಬೇಕು.

ಮಾಳಮಡ್ಡಿಯ ಮಳೆ, ಸೈಲೆಂಟ್ ಹಿಲ್‌ನ ಮಂಜು

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಕಾಕಾನ ಮನೆ. ಮಂಗಳೂರು ಹಂಚಿನ ಹಳೆಯ ಮನೆ, ಎತ್ತರದ ಮಾಡು. ಕಾಕಾನ ಮಗಳು ಆಗ ಕರ್ನಾಟಕ ಕಾಲೇಜಿನಲ್ಲಿ ಓದುತ್ತಿದ್ದಳು. ಅವಳಿಗೆ ಯಾರೋ ಗೆಳತಿಯ ಅಣ್ಣನಿಂದ ಹಳೆಯ ಪ್ಲೇಸ್ಟೇಷನ್ 2 ಒಂದು ಸಿಕ್ಕಿತ್ತು. ಶನಿವಾರ ಹುಬ್ಬಳ್ಳಿಯಿಂದ ಬಸ್ ಹತ್ತಿ ನಾನು ಅಲ್ಲಿಗೆ ಹೋಗುತ್ತಿದ್ದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನಾವಿಬ್ಬರೂ ಸೈಲೆಂಟ್ ಹಿಲ್ 2 ಆಡಿದೆವು.

ಆಟ 2001ರದ್ದು, ಜಪಾನಿನ ಕೊನಾಮಿ ಕಂಪನಿಯದ್ದು. ಜೇಮ್ಸ್ ಅಂತ ಒಬ್ಬ. ಮೂರು ವರ್ಷದ ಹಿಂದೆ ಕಾಯಿಲೆಯಿಂದ ತೀರಿಕೊಂಡ ಹೆಂಡತಿ ಮೇರಿಯಿಂದ ಅವನಿಗೆ ಪತ್ರ ಬರುತ್ತದೆ. ಅವಳನ್ನು ಹುಡುಕಿಕೊಂಡು ಒಂದು ಊರಿಗೆ ಬರುತ್ತಾನೆ. ಊರ ತುಂಬ ಮಂಜು. 1999ರ ಮೊದಲ ಸೈಲೆಂಟ್ ಹಿಲ್‌ನಲ್ಲಿ ಈ ಮಂಜು ಬಂದಿದ್ದು ಒಂದು ಅಡಚಣೆಯಿಂದ. ಹಳೆಯ ಪ್ಲೇಸ್ಟೇಷನ್ನಿಗೆ ದೂರದ ಬೀದಿಯನ್ನೆಲ್ಲ ಬಿಡಿಸಿ ತೋರಿಸುವ ಶಕ್ತಿ ಇರಲಿಲ್ಲ, ಅದನ್ನು ಮುಚ್ಚಲು ಮಂಜು ಹಾಕಿದರು. ಎರಡನೇ ಆಟದ ಹೊತ್ತಿಗೆ ಮಂಜೇ ಆ ಊರಿನ ಗುರುತಾಗಿತ್ತು. ಜೇಮ್ಸ್ ಹತ್ತಿರ ಒಂದು ಕೆಟ್ಟ ರೇಡಿಯೋ ಇರುತ್ತದೆ. ಏನಾದರೂ ಹತ್ತಿರ ಬಂದರೆ ಅದು ಗುರ್ರ್ ಅನ್ನುತ್ತದೆ. ಇದೆ ಅಂತ ಹೇಳುತ್ತದೆ, ಎಲ್ಲಿದೆ ಅಂತ ಹೇಳುವುದಿಲ್ಲ.

ಒಳಗಿನ ಕೋಣೆಯಲ್ಲಿ ಕಾಕು ಗುಳಿಗೆ ತೆಗೆದುಕೊಂಡು ಮಲಗಿರುತ್ತಿದ್ದಳು. ಅವಳಿಗೆ ಎಚ್ಚರ ಆಗಬಾರದು ಅಂತ ಟಿವಿ ದನಿಯನ್ನು ಪೂರ್ತಿ ಸಣ್ಣಗೆ ಇಡುತ್ತಿದ್ದೆವು. ಹಂಚಿನ ಮೇಲೆ ಮಳೆ ಸದ್ದು ಬೇರೆ. ರೇಡಿಯೋ ಗುರ್ರ್ ಕೇಳಬೇಕಾದರೆ ಟಿವಿಗೆ ಕಿವಿ ಕೊಡಬೇಕು, ಕಿವಿ ಕೊಟ್ಟರೆ ಮುಖ ಪರದೆಗೆ ತಾಗುವಷ್ಟು ಹತ್ತಿರ. ಯಾವ ಆಟ ಮಾಡಿದವರೂ ಯೋಚಿಸಿರದ ಹೆದರಿಕೆ ಅದು.

ಮಧ್ಯದಲ್ಲಿ ಒಂದು ಮೆಟ್ಟಿಲು ಬರುತ್ತದೆ. ಇಳಿಯುತ್ತ ಹೋಗಬೇಕು. ಇಳಿದಷ್ಟೂ ಮುಗಿಯುವುದಿಲ್ಲ. ಏನೂ ಬರುವುದಿಲ್ಲ, ಸುಮ್ನೆ ಇಳಿಯುವುದು. ನನ್ನ ಹೆಬ್ಬೆರಳು ಬಟನ್ ಮೇಲೆ ಬೆವೆತಿತ್ತು. ಕೆಳಗೆ ಹೋದ ಮೇಲೆ ನೆಲದಲ್ಲಿ ಒಂದು ತೂತು. ಹತ್ತಿರ ಹೋದರೆ ಆಟ ಕೇಳುತ್ತದೆ, ಹಾರುತ್ತೀಯಾ? ಹೌದು, ಇಲ್ಲ. ಎರಡೇ ಆಯ್ಕೆ. ಇಲ್ಲ ಅಂದರೆ ಆಟ ಅಲ್ಲೇ ನಿಂತಿರುತ್ತದೆ, ಎಷ್ಟು ಹೊತ್ತು ಬೇಕಾದರೂ ಕಾಯುತ್ತದೆ. ಯಾರೂ ತಳ್ಳುವುದಿಲ್ಲ.

"ಅಣ್ಣಾ, ನಾ ಒತ್ತಂಗಿಲ್ಲ. ನೀ ಒತ್ತು" ಅಂತ ಅವಳು ಕಂಟ್ರೋಲರ್ ನನ್ನ ಕಡೆ ತಳ್ಳಿದಳು. ನಾನು ಒತ್ತಿದೆ. ಕೆಳಗೆ ಹೋದರೆ ಮುಂದೆ ಇನ್ನೊಂದು ತೂತು, ಮತ್ತೆ ಅದೇ ಪ್ರಶ್ನೆ. ಈ ಸಲ ಅವಳೇ ಕೈ ಚಾಚಿ ಒತ್ತಿದಳು.

ಕಾರಿಡಾರ್

ಇಪ್ಪತ್ತು ವರ್ಷ ದಾಟಿದ ಆಟ, ಗುಟ್ಟು ಹೇಳಿದರೆ ತಪ್ಪಿಲ್ಲ ಅಂದುಕೊಳ್ಳುತ್ತೇನೆ. ಮೇರಿ ಕಾಯಿಲೆಯಿಂದ ಸತ್ತಿಲ್ಲ. ಹಾಸಿಗೆ ಹಿಡಿದವಳನ್ನು ಜೇಮ್ಸ್‌ನೇ ಕೊಂದಿದ್ದಾನೆ. ಕೊಂದಿದ್ದನ್ನು ತನ್ನಿಂದ ತಾನೇ ಮರೆಮಾಡಿಕೊಂಡಿದ್ದಾನೆ. ಇದು ಗೊತ್ತಾದ ಮೇಲೆ, ಆಟದ ಕೊನೆಗೆ ಸ್ವಲ್ಪ ಮುಂಚೆ, ನಾನು ಮೊದಲೇ ಹೇಳಿದ ಆ ಖಾಲಿ ಕಾರಿಡಾರ್ ಬರುತ್ತದೆ. ನಡೆಯುತ್ತ ಹೋಗಬೇಕು. ಹಳೆಯ ಮಾತುಕತೆ ಕೇಳಿಸುತ್ತದೆ. ಜೇಮ್ಸ್ ಆಸ್ಪತ್ರೆಗೆ ಹೂವು ತಂದಿದ್ದಾನೆ. ಮೇರಿ ಸಿಟ್ಟಿನಲ್ಲಿ ಹೂವು ಬೇಡ, ಹೋಗು ಅನ್ನುತ್ತಾಳೆ. ತನ್ನ ರೂಪ ಹೇಗೆ ಕೆಟ್ಟುಹೋಗಿದೆ ಅಂತ ಹೇಳಿಕೊಳ್ಳುತ್ತಾಳೆ. ಅವನು ಹೊರಡುವ ಹೊತ್ತಿಗೆ ಅದೇ ಬಾಯಲ್ಲಿ ಹೋಗಬೇಡ, ನನ್ನ ಹತ್ತಿರ ಇರು ಅಂತ ಬೇಡಿಕೊಳ್ಳುತ್ತಾಳೆ.

ತಂಗಿ ಕಂಟ್ರೋಲರ್ ಕೆಳಗಿಟ್ಟಳು. ಅಳಲಿಲ್ಲ. ಆ ಮನೆಯಲ್ಲಿ ಅವಳು ದಿನಾ ಕೇಳುತ್ತಿದ್ದ ಮಾತು ಇದು. ಕಾಕುಗೆ ಕಿವಿಯಲ್ಲಿ ದನಿ ಕೇಳಿಸುವ ಕಾಯಿಲೆ. ಕೆಲವು ದಿನ ಮಗಳು ಊಟದ ತಾಟು ತಂದರೆ ಅದನ್ನು ತಳ್ಳಿ, ನೀ ಯಾರು, ಹೊರಗ ಹೋಗು ಅನ್ನುತ್ತಿದ್ದಳು. ಹತ್ತು ನಿಮಿಷ ಬಿಟ್ಟು, ಎಲ್ಲಿ ಹೋದೀ, ಬಾ ಇಲ್ಲೇ ಕುಂದರು ಅಂತ ಕರೆಯುತ್ತಿದ್ದಳು. ನಮ್ಮ ಇಡೀ ಬಳಗದಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ. "ಕಾಕುಗೆ ಅರಾಮ ಇಲ್ಲ" ಅನ್ನುವಲ್ಲಿಗೆ ಮಾತು ನಿಲ್ಲುತ್ತಿತ್ತು. ಆ ರಾತ್ರಿ ತಂಗಿ ಮೊದಲ ಸಲ ಹೇಳಿದಳು, "ನನಗೂ ಒಮ್ಮೊಮ್ಮೆ ಸಿಟ್ಟು ಬರ್ತದ ಅಣ್ಣಾ. ಬಾಳ ಬರ್ತದ. ಆಮ್ಯಾಲೆ ನನ್ನ ಕಂಡ್ರ ನನಗ ಹೆದರಿಕಿ ಆಗ್ತದ."

ಬೆಚ್ಚಿಸುವ ಆಟಗಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವು ಇಂಥ ಮಾತನ್ನು ಎಂದೂ ಹೊರಗೆ ತೆಗೆಯಲಾರವು. ಬೆಚ್ಚಿದ ಮೇಲೆ ಹೇಳುವುದಕ್ಕೆ ಏನಿರುತ್ತದೆ? "ಅಬ್ಬಾ" ಅಂದರೆ ಮುಗಿಯಿತು. ಸೈಲೆಂಟ್ ಹಿಲ್ 2 ಮಾಡಿದ್ದು ಬೇರೆ. ಆರೈಕೆ ಮಾಡುವವರ ಒಳಗೆ ಪ್ರೀತಿಯ ಪಕ್ಕದಲ್ಲೇ ಇರುವ ದಣಿವನ್ನು, ಸಿಟ್ಟನ್ನು, ಅದರ ಅಪರಾಧಿ ಭಾವವನ್ನು ಒಂದು ಊರನ್ನಾಗಿ ಕಟ್ಟಿ, ನಮ್ಮನ್ನು ಅದರೊಳಗೆ ನಡೆಸಿತು. ಅಲ್ಲಿನ ರಾಕ್ಷಸರು ಜೇಮ್ಸ್‌ನ ಮನಸ್ಸಿನಿಂದಲೇ ಬಂದವರು. ಅವರನ್ನು ನೋಡಿ ಹೆದರುವುದು ಅಂದರೆ ಅವನನ್ನು ಅರ್ಥಮಾಡಿಕೊಳ್ಳುತ್ತ ಹೋಗುವುದು.

ಹುಚ್ಚಾಸ್ಪತ್ರೆಯ ಆಟಗಳು

ಇಲ್ಲಿ ಒಂದು ವಿಷಯ ಹೇಳಲೇಬೇಕು. ಮನಸ್ಸಿನ ಹೆದರಿಕೆ ಅಂತ ಹೆಸರಿಟ್ಟುಕೊಂಡ ಆಟಗಳೆಲ್ಲ ಒಳ್ಳೆಯವಲ್ಲ. ಎಷ್ಟೋ ಆಟಗಳಿಗೆ ಒಂದು ಹಳೆಯ ಹುಚ್ಚಾಸ್ಪತ್ರೆ ಇದ್ದರೆ ಸಾಕು. ಮುರಿದ ಮಂಚ, ಗೋಡೆ ಮೇಲೆ ರಕ್ತ, ಆಸ್ಪತ್ರೆಯ ಅಂಗಿ ತೊಟ್ಟು ಓಡಿಸಿಕೊಂಡು ಬರುವ ರೋಗಿಗಳು. 2013ರ ಔಟ್‌ಲಾಸ್ಟ್ ಇದೇ ಥರದ್ದು. ಆಟವಾಗಿ ಅದನ್ನು ಚೆನ್ನಾಗಿಯೇ ಕಟ್ಟಿದ್ದಾರೆ. ಕ್ಯಾಮೆರಾದ ಹಸಿರು ಬೆಳಕಿನಲ್ಲಿ ಬ್ಯಾಟರಿ ಲೆಕ್ಕ ಹಾಕುತ್ತ ಓಡುವುದು ನಿಜಕ್ಕೂ ಎದೆ ನಡುಗಿಸುತ್ತದೆ. ಆದರೂ ನನಗೆ ಅದನ್ನು ಮುಗಿಸಲು ಮನಸ್ಸಾಗಲಿಲ್ಲ.

ನಮ್ಮ ಕಡೆ "ಇವನ್ನ ಧಾರವಾಡಕ್ಕ ಕಳಸ್ಬೇಕು" ಅನ್ನುವುದು ಚೇಷ್ಟೆಯ ಮಾತು. ಈಗ ಡಿಮ್ಹಾನ್ಸ್ ಅಂತ ಕರೆಯುವ ಮಾನಸಿಕ ಆಸ್ಪತ್ರೆ ಬ್ರಿಟಿಷರ ಕಾಲದಿಂದ ಅಲ್ಲಿದೆ, ಅದಕ್ಕೇ ಆ ಮಾತು ಹುಟ್ಟಿದ್ದು. ಕಾಕುವಿನ ಗುಳಿಗೆ ತರಲು ತಂಗಿಯ ಜೊತೆ ನಾನೂ ಅಲ್ಲಿಗೆ ಹೋಗುತ್ತಿದ್ದೆ. ಅಲ್ಲಿ ನಾನು ಕಂಡಿದ್ದು ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬಂದು, ಚೀಟಿ ಹಿಡಿದು ಕಾಯುವ ಜನರನ್ನು. ಮರದ ಕೆಳಗೆ ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ತಿನ್ನುವವರನ್ನು. ಗಂಡನ ಅಂಗಿಯ ಗುಂಡಿ ಹಾಕಿಕೊಡುತ್ತಿದ್ದ ಒಬ್ಬ ಹೆಂಗಸನ್ನು. ಹೆದರುತ್ತಿದ್ದವರು ಅಲ್ಲಿನ ರೋಗಿಗಳು. ಅವರನ್ನು ನೋಡಿ ನಾವು ಹೆದರಬೇಕಾದ್ದು ಏನೂ ಇರಲಿಲ್ಲ. ಇಂಥವರನ್ನು ಕತ್ತಲಿನಿಂದ ಮೈಮೇಲೆ ಹಾರುವ ರಾಕ್ಷಸರನ್ನಾಗಿ ಮಾಡುವುದು ನನಗೆ ಅನ್ಯಾಯ ಅಂತಲೇ ಅನಿಸುತ್ತದೆ. ಅಂಥ ಆಟ ಮನಸ್ಸಿನ ಒಳಗೆ ಹೋಗುವುದೇ ಇಲ್ಲ, ಹೊರಗೆ ನಿಂತು ಕಲ್ಲು ಹೊಡೆಯುತ್ತದೆ.

ಒಳಗೆ ಹೋದ ಆಟ 2017ರ ಹೆಲ್‌ಬ್ಲೇಡ್. ಇಂಗ್ಲೆಂಡಿನ ನಿಂಜಾ ಥಿಯರಿ ಮಾಡಿದ್ದು. ಸೆನುವಾ ಅನ್ನುವ ಹೋರಾಟಗಾರ್ತಿ ಸತ್ತ ಪ್ರಿಯಕರನ ತಲೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಸತ್ತವರ ಲೋಕಕ್ಕೆ ಹೊರಟಿದ್ದಾಳೆ. ಅವಳಿಗೆ ದನಿಗಳು ಕೇಳುತ್ತವೆ. ಕೇಂಬ್ರಿಡ್ಜ್‌ನ ಮನೋವೈದ್ಯ ಪಾಲ್ ಫ್ಲೆಚರ್ ಅವರನ್ನೂ, ಇಂಥ ಅನುಭವ ಇರುವ ಜನರನ್ನೂ ಕೇಳಿ ಕೇಳಿ ಮಾಡಿದ ಆಟ. ಹೆಡ್‌ಫೋನ್ ಹಾಕಿಕೊಂಡರೆ ಒಂದು ದನಿ ಎಡಗಿವಿಯ ಹಿಂದೆ, ಇನ್ನೊಂದು ಬಲಗಡೆ ಪಿಸುಗುಡುತ್ತದೆ. ಬೈಯುತ್ತವೆ, ನಗುತ್ತವೆ, ನಿನ್ನಿಂದ ಆಗಲ್ಲ ಅನ್ನುತ್ತವೆ. ಶತ್ರು ಹಿಂದಿನಿಂದ ಬಂದಾಗ ಎಚ್ಚರಿಸುವುದೂ ಅವೇ ದನಿಗಳು. ಆಟದ ಆರಂಭದಲ್ಲಿ ಒಂದು ಬೆದರಿಕೆ ಇದೆ. ಸೋತಾಗೆಲ್ಲ ಸೆನುವಾಳ ತೋಳಿನ ಕೊಳೆತ ಮೇಲೇರುತ್ತದೆ, ತಲೆ ತಲುಪಿದರೆ ಅಲ್ಲಿಯವರೆಗೆ ಆಡಿದ್ದೆಲ್ಲ ಅಳಿಸಿಹೋಗುತ್ತದೆ ಅಂತ. ಜನ ಪರೀಕ್ಷಿಸಿ ನೋಡಿದರು, ಹಾಗೆ ಅಳಿಸುವುದೇ ಇಲ್ಲ. ಆದರೆ ಗೊತ್ತಾಗುವವರೆಗೆ ನೀವೂ ಸೆನುವಾಳಂತೆಯೇ ಇಲ್ಲದ್ದನ್ನು ನಂಬಿ ನಡೆದಿರುತ್ತೀರಿ.

ತಂಗಿ ಆಗ ಗದಗದಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಳು, ಕಾಕುವೂ ಅವಳ ಜೊತೆಗೇ ಇದ್ದಳು, ಈಗಲೂ ಇದ್ದಾಳೆ. ಲ್ಯಾಪ್‌ಟಾಪಿನಲ್ಲಿ ಆಟ ಹಾಕಿ ಹೆಡ್‌ಫೋನ್ ಅವಳಿಗೆ ಕೊಟ್ಟೆ. ಸ್ವಲ್ಪ ಹೊತ್ತು ಆಡಿದಳು. ಒಂದು ಕಡೆ, ಯಾರೋ ಕರೆದ ಹಾಗೆ ತಲೆ ಎಡಕ್ಕೆ ತಿರುಗಿಸಿದಳು. ಕಾಕು ಮಾತಿನ ಮಧ್ಯೆ ಹೀಗೆಯೇ ತಿರುಗುತ್ತಿದ್ದಳು. ಇಬ್ಬರಿಗೂ ಅದು ಒಟ್ಟಿಗೇ ಹೊಳೆಯಿತು. ಹೆಡ್‌ಫೋನ್ ತೆಗೆದು, ನೇರ ಅಡುಗೆಮನೆಗೆ ಹೋಗಿ, ಅಷ್ಟು ವರ್ಷದಲ್ಲಿ ಎಂದೂ ಕೇಳದಿದ್ದದ್ದನ್ನು ಕೇಳಿದಳು, "ಅವ್ವಾ, ನಿನಗ ಏನಂತ ಕೇಳಸ್ತಿತ್ತು?"

ಕಾಕು ಕೈ ಒರೆಸಿಕೊಂಡು ಸ್ವಲ್ಪ ಯೋಚಿಸಿದಳು. "ಬೈತಿದ್ವು. ನಿನ್ನ ಮಗಳು ಅನ್ನದಾಗ ಏನೋ ಹಾಕ್ಯಾಳ ಅಂತಿದ್ವು. ಒಂದು ದನಿ ಮಾತ್ರ ಪಾಪ ಛಲೋ ಇತ್ತು. ಹಾಲು ಉಕ್ಕಾಕತ್ತದ ನೋಡು ಅಂತ ಹೇಳ್ತಿತ್ತು." ಅಷ್ಟು ಹೇಳಿ, ಇಬ್ಬರಿಗೂ ಚಹಾ ಮಾಡಲೇನು ಅಂತ ಕೇಳಿದಳು. ಆ ತಾಟು ಯಾಕೆ ತಳ್ಳುತ್ತಿದ್ದಳು ಅನ್ನುವುದು ತಂಗಿಗೆ ಗೊತ್ತಾಗಿದ್ದು ಅವತ್ತು.

ನಮ್ಮ ಜಗಳ

ಸೈಲೆಂಟ್ ಹಿಲ್ 2ರ ಇನ್ನೊಂದು ಗುಣ ನನಗೆ ಗೊತ್ತಾಗಿದ್ದು ತಡವಾಗಿ. ಅದರ ಅಂತ್ಯಗಳು ಹಲವು. ಯಾವುದು ಬೇಕು ಅಂತ ಆಟ ಎಲ್ಲೂ ಕೇಳುವುದಿಲ್ಲ, ನೀವು ಆಡುವ ರೀತಿಯನ್ನು ಸುಮ್ಮನೆ ಗಮನಿಸುತ್ತದೆ. ಗಾಯ ಆದ ಕೂಡಲೇ ಔಷಧಿ ತೆಗೆದುಕೊಂಡರೆ, ಮೇರಿಯ ಫೋಟೋ, ಪತ್ರ ಆಗಾಗ ತೆಗೆದು ನೋಡಿದರೆ, ಜೇಮ್ಸ್ ಬದುಕಿ ಊರು ಬಿಡುವ ಕಡೆಗೆ ಕತೆ ವಾಲುತ್ತದೆ. ಗಾಯದಲ್ಲೇ ಅಲೆಯುತ್ತಿದ್ದರೆ, ಏಂಜೆಲಾ ಅನ್ನುವ ಹುಡುಗಿ ಕೊಟ್ಟ ಚಾಕುವನ್ನು ತೆಗೆದು ನೋಡಿದರೆ, ಅವನಿಗೆ ಬದುಕುವ ಆಸೆ ಇಲ್ಲ ಅಂತ ಆಟ ತಿಳಿದುಕೊಳ್ಳುತ್ತದೆ. ಕೊನೆಗೆ ಅವನು ಕಾರಿನ ಜೊತೆ ಕೆರೆಯ ಪಾಲಾಗುತ್ತಾನೆ.

2024ರ ಅಕ್ಟೋಬರಿನಲ್ಲಿ ಪೋಲೆಂಡಿನ ಬ್ಲೂಬರ್ ಟೀಮ್ ಈ ಆಟವನ್ನು ಹೊಸದಾಗಿ ಮಾಡಿ ಬಿಟ್ಟಿತು. ನಾನು ಹುಬ್ಬಳ್ಳಿಯಲ್ಲಿ ಆಡಿದೆ, ತಂಗಿ ಗದಗದಲ್ಲಿ ಆಡಿದಳು. ನನ್ನ ಜೇಮ್ಸ್ ಕೆರೆಗೆ ಹೋದ. ಅವಳ ಜೇಮ್ಸ್ ಊರು ಬಿಟ್ಟ. ಫೋನಿನಲ್ಲಿ ಜಗಳ ಶುರುವಾಯಿತು. ಹೆಂಡತಿಯನ್ನು ಕೊಂದವನು ಆರಾಮಾಗಿ ಹೊರಟುಹೋಗುವುದು ಹೇಗೆ ಸರಿ ಅಂತ ನನ್ನ ವಾದ. ಅವನು ಮಾಡಿದ್ದು ತಪ್ಪೇ ಅಂತ ಅವಳೂ ಒಪ್ಪುತ್ತಾಳೆ.

"ಆದ್ರ ಅಣ್ಣಾ, ನೀ ಶನಿವಾರ ಬಂದು ಐತವಾರ ಹೋಗ್ತಿದ್ದಿ. ಉಳಿದ ದಿನದ್ದು ನಿನಗೇನ್ ಗೊತ್ತು? ಅವಾ ಬದುಕಲಿ. ಬದುಕಿ ನೆನಪಿಡಲಿ."

ನಾನು ಇನ್ನೂ ಒಪ್ಪಿಲ್ಲ. ಬರುವ ಹಬ್ಬಕ್ಕೆ ಗದಗಕ್ಕೆ ಹೋದಾಗ ಇದೇ ವಿಷಯ ಮತ್ತೆ ಎತ್ತುವವನಿದ್ದೇನೆ. ಅವಳೂ ತಯಾರಾಗಿಯೇ ಇರುತ್ತಾಳೆ.